ದಾರಿ ಇದ್ದಲ್ಲಿ ಸಂತೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಓಡಾಡುವವರಿಗೆ ಮೂರು ಹೆಸರುಗಳು ಚಿರಪರಿಚಿತ. ಮೊದಲನೆಯದು ಕೆಂಗೇರಿ ಗೇಟ್. ಪೊಲೀಸ್ ಉಪವಿಭಾಗವೊಂದರ ಹೆಸರಾಗಿ ಅದು ಉಳಿದುಬಂದಿದೆ. ಎರಡನೆಯದು ಮಾಗಡಿ ರಸ್ತೆಯಲ್ಲಿ ವಿಜಯನಗರಕ್ಕೆ ತಿರುಗುವ ಕಡೆ ಬಸ್ ನಿಲ್ದಾಣದ ಹೆಸರಾಗಿರುವ ಟೋಲ್‌ಗೇಟ್. ಮೂರನೆಯದು ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಸಿಗುವ ಸುಂಕದಕಟ್ಟೆ. ಈ ಮೂರು ಕಡೆಯೂ ಇಂದು ಬಾಗಿಲಿಲ್ಲ, ಸುಂಕ ಕೇಳುವವರೂ ಇಲ್ಲ. ಆದರೆ ಹೆಸರುಗಳು ಒಂದೇ ಕತೆಯನ್ನು ಹೇಳುತ್ತವೆ. ಹಳ್ಳಿಯಿಂದ ಹೊರಟ ಸರಕು ಊರೊಳಗೆ ಬರುವ ಮುನ್ನ ನಿಂತು, ಲೆಕ್ಕ ಕೊಟ್ಟು, ಸುಂಕ ತೆತ್ತು ಮುಂದೆ ಸಾಗುತ್ತಿದ್ದ ತಾಣಗಳು ಇವು.

ಸರಕು ನಿಂತ ಕಡೆ ಜನ ಸೇರುತ್ತಾರೆ, ಜನ ಸೇರಿದ ಕಡೆ ವ್ಯಾಪಾರ ಹುಟ್ಟುತ್ತದೆ. ಬೀದಿ ಸಂತೆಯ ಹುಟ್ಟು ಬೆಳವಣಿಗೆಗಳ ಗುಟ್ಟು ಇಷ್ಟೇ. ಅದನ್ನು ಯಾರೂ ನಕ್ಷೆ ಬರೆದು ಕಟ್ಟುವುದಿಲ್ಲ. ಅದು ದಾರಿಯ ಕೂಸು. ದಾರಿ ಬದಲಾದರೆ ಸಂತೆ ಸರಿಯುತ್ತದೆ, ದಾರಿ ಮುಚ್ಚಿದರೆ ಸಾಯುತ್ತದೆ. ಬೆಂಗಳೂರಿನ ಸುಮಾರು ಐದು ಶತಮಾನಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಆಳುವವರು ಸಂತೆಯನ್ನು ಬೀದಿಯಿಂದ ಎತ್ತಿ ಸೂರಿನಡಿ ಕೂರಿಸಲು ಮಾಡಿದ ಪ್ರಯತ್ನಗಳ ಸೋಲು ಗೆಲುವುಗಳೂ ಈ ಸೂತ್ರವನ್ನೇ ಅವಲಂಬಿಸಿವೆ.

ಪೇಟೆ ಮತ್ತು ಅದರ ಬಾಗಿಲುಗಳು

ಸಂತೆ ಮತ್ತು ಪೇಟೆ ಎಂಬ ಎರಡು ಪದಗಳನ್ನು ಕನ್ನಡಿಗರು ಬೇರೆ ಬೇರೆಯಾಗಿಯೇ ಬಳಸುತ್ತಾರೆ. ಸಂತೆ ವಾರಕ್ಕೊಮ್ಮೆ ನೆರೆದು ಸಂಜೆಗೆ ಚದುರುವಂಥದು. ಪೇಟೆ ಎಂದರೆ ಚದುರದೆ ನಿಂತುಬಿಟ್ಟ ಸಂತೆ. ಹಿಂದಿನ ಬೆಂಗಳೂರಿನಲ್ಲಿ ಆಳುವವರ ಕೋಟೆ ಬೇರೆ, ವ್ಯಾಪಾರಿಗಳ ಪೇಟೆ ಬೇರೆ. 1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನುವ ಊರಿನ ನಡುಬಿಂದು ಯಾವ ಅರಮನೆಯೂ ಅಲ್ಲ, ದೇವಸ್ಥಾನವೂ ಅಲ್ಲ. ಎರಡು ಬೀದಿಗಳು ಕೂಡುವ ಚೌಕ. ಉತ್ತರ ದಕ್ಷಿಣವಾಗಿ ಸಾಗುವ ದೊಡ್ಡಪೇಟೆ (ಇಂದಿನ ಅವೆನ್ಯೂ ರಸ್ತೆ) ಮತ್ತು ಪೂರ್ವ ಪಶ್ಚಿಮವಾಗಿ ಸಾಗುವ ಚಿಕ್ಕಪೇಟೆ ಸಂಧಿಸುವ ಜಾಗವದು. ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತುಗಳನ್ನು ಹೂಡಿ ನೇಗಿಲು ಹೊಡೆಸಿ, ಆ ಗೆರೆಗಳ ಮೇಲೆ ಬೀದಿಗಳನ್ನು ಹಾಕಿಸಿದರೆಂಬ ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವೆಂದೇ ಬಗೆದರೂ ಅದರ ಒಳಗಿನ ತಿಳಿವಳಿಕೆ ಗಮನಾರ್ಹ. ಊರು ಎಂದರೆ ಮೊದಲು ದಾರಿ, ಆಮೇಲೆ ಮನೆ.

ಈ ಎರಡು ಬೀದಿಗಳ ಸುತ್ತ ಕಸುಬಿಗೊಂದು ಪೇಟೆ ಬೆಳೆಯಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ ಎಂಬ ಹೆಸರುಗಳೇ ಒಂದು ಪಟ್ಟಣದ ಸರಕಿನ ಪಟ್ಟಿಯಂತಿವೆ. ಪೇಟೆಯ ಸುತ್ತ ಮಣ್ಣಿನ ಕೋಟೆ ಮತ್ತು ಕಂದಕ. ಹೊರಗೆ ಹೋಗಲು ಬಾಗಿಲುಗಳು. ಆ ಬಾಗಿಲುಗಳ ಹೆಸರನ್ನು ಗಮನಿಸಬೇಕು: ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು, ಕೆಂಗೇರಿ ಬಾಗಿಲು. ಒಂದಕ್ಕೂ ರಾಜನ ಹೆಸರಿಲ್ಲ, ದಂಡನಾಯಕನ ಹೆಸರಿಲ್ಲ. ಆ ದಾರಿ ಯಾವ ಊರಿಗೆ ಹೋಗುತ್ತದೋ, ಯಾವ ಊರಿನ ಗಾಡಿಗಳು ಆ ದಾರಿಯಲ್ಲಿ ಬರುತ್ತವೋ ಅದೇ ಬಾಗಿಲಿನ ಹೆಸರು. ಪಶ್ಚಿಮಕ್ಕೆ ಹೊರಟವನಿಗೆ ಮೊದಲ ದೊಡ್ಡ ತಂಗುದಾಣ ಕೆಂಗೇರಿ. ಅದರಾಚೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ದಾಟಿ ಶ್ರೀರಂಗಪಟ್ಟಣ, ಮೈಸೂರು.

ಬೀದಿಯಲ್ಲೇ ಸಂತೆ ನೆರೆಸುವ ಪದ್ಧತಿ ಬೆಂಗಳೂರಿನದೇ ಸ್ವಂತದ್ದೇನೂ ಅಲ್ಲ. ಬೆಂಗಳೂರು ಹುಟ್ಟುವ ಹೊತ್ತಿಗೆ ಈ ನಾಡಿಗೆಲ್ಲ ಮಾದರಿಯಾಗಿದ್ದ ನಗರ ವಿಜಯನಗರ. 1443ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್, ಅಗಲವೂ ಉದ್ದವೂ ಆದ ಬಜಾರುಗಳನ್ನು ಕಂಡು ಬೆರಗಾದ. ಅವನನ್ನು ಹೆಚ್ಚು ಸೆಳೆದದ್ದು ಎಲ್ಲೆಲ್ಲೂ ಮಾರಾಟಕ್ಕಿದ್ದ ಗುಲಾಬಿ; ಆ ಊರಿನವರಿಗೆ ಅನ್ನದಷ್ಟೇ ಹೂವೂ ಬೇಕು ಎಂದು ಅವನಿಗೆ ತೋರಿತು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಪ್ರತಿ ಸಂಜೆ ಬೀದಿಯಲ್ಲಿ ಸಂತೆ ನೆರೆಯುತ್ತಿದ್ದುದನ್ನೂ, ಅಲ್ಲಿ ಸಾಮಾನ್ಯ ಕುದುರೆಗಳ ಜತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ತರಕಾರಿ, ಸೌದೆಗಳೆಲ್ಲ ಮಾರಾಟವಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಮುತ್ತು ರತ್ನಗಳ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ನಗರದ ದಿನನಿತ್ಯದ ಬದುಕು ನಡೆದದ್ದು ಸಂಜೆಯ ಸೊಪ್ಪು ನಿಂಬೆಯ ಸಂತೆಯಿಂದ. ಹೂವು ಮತ್ತು ನಿಂಬೆ ಇಂದಿಗೂ ಬೆಂಗಳೂರಿನ ಬೀದಿ ಬದಿಯ ಬುಟ್ಟಿಗಳಲ್ಲಿ ಅದೇ ಜೋಡಿಯಾಗಿ ಕುಳಿತಿವೆ.

ದಾರಿ ಮುಚ್ಚಿದಾಗ

1791ರ ಮಾರ್ಚ್ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕಿತು. ಮೊದಲು ಬಿದ್ದದ್ದು ಪೇಟೆ, ಮಾರ್ಚ್ 7ರಂದು. ಕೋಟೆ ಬಿದ್ದದ್ದು ಎರಡು ವಾರಗಳ ನಂತರ, ಮಾರ್ಚ್ 21ರಂದು. ಯುದ್ಧದಲ್ಲಿ ಪೇಟೆ ಸೂರೆಹೋಯಿತು. ಆದರೆ ಪೇಟೆಗೆ ಬಿದ್ದ ಪೆಟ್ಟು ಗುಂಡಿನದು ಮಾತ್ರವಲ್ಲ. ಟಿಪ್ಪು ಸುಲ್ತಾನನು ತನ್ನ ಶತ್ರುಗಳಾದ ಆರ್ಕಾಟಿನ ನವಾಬ ಮತ್ತು ಹೈದರಾಬಾದಿನ ನಿಜಾಮರ ಸೀಮೆಗಳೊಂದಿಗೆ ವ್ಯಾಪಾರವನ್ನೇ ನಿಷೇಧಿಸಿದ್ದ. ಮೂಡಣ ಬಡಗಣ ದಾರಿಗಳಲ್ಲಿ ಗಾಡಿಗಳು ನಿಂತವು.

1800ರ ಮೇ ತಿಂಗಳಿನಲ್ಲಿ, ಟಿಪ್ಪು ಮಡಿದ ಒಂದು ವರ್ಷಕ್ಕೆ, ಕಂಪನಿ ಸರ್ಕಾರದ ಪರವಾಗಿ ನಾಡಿನ ಸ್ಥಿತಿಗತಿ ನೋಡಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಬೆಂಗಳೂರಿಗೆ ಬಂದ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಬೆಂಗಳೂರಿನ ಪುಟಗಳಲ್ಲಿ ಅವನು ನೇಕಾರರನ್ನು, ಬಣ್ಣ ಹಾಕುವವರನ್ನು, ಅಡಿಕೆ ಮೆಣಸಿನ ವರ್ತಕರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಬರೆದಿದ್ದಾನೆ. ವ್ಯಾಪಾರ ಏಕೆ ಕುಸಿಯಿತು ಎಂಬ ಪ್ರಶ್ನೆಗೆ ಅವನಿಗೆ ದೊರೆತ ಉತ್ತರಗಳಲ್ಲಿ ಯುದ್ಧದ ಲೂಟಿಯಷ್ಟೇ ದೊಡ್ಡ ಸ್ಥಾನ ಈ ವ್ಯಾಪಾರ ನಿಷೇಧಕ್ಕಿತ್ತು. ದಾರಿಗಳು ತೆರೆದುಕೊಂಡ ಕೂಡಲೇ ವರ್ತಕರು ಮರಳಿ ಬರತೊಡಗಿದ್ದರು. ಸುಟ್ಟ ಅಂಗಡಿಯನ್ನು ಮತ್ತೆ ಕಟ್ಟಬಹುದು. ಮುಚ್ಚಿದ ದಾರಿಯಲ್ಲಿ ಅಂಗಡಿ ಇದ್ದೂ ಪ್ರಯೋಜನವಿಲ್ಲ ಎಂಬುದು ಪೇಟೆಯವರ ಅನುಭವವಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮದ ದಾರಿಗೆ ಹೊಸ ಮಹತ್ವ ಬಂತು. ರೇಷ್ಮೆ ಸೀಮೆಯ ಹಾದಿಯಲ್ಲಿದ್ದ ಕೆಂಗೇರಿಯಲ್ಲಿ 1860ರ ದಶಕದಲ್ಲಿ ಇಟಲಿಯ ದೆ ವೆಕ್ಕಿ ಎಂಬಾತ ರೇಷ್ಮೆಹುಳುವಿನ ತಳಿ ಸುಧಾರಿಸುವ ಕೇಂದ್ರವೊಂದನ್ನು ತೆರೆದ. 1880ರ ದಶಕದ ಆರಂಭದಲ್ಲಿ ಮೈಸೂರಿಗೆ ರೈಲುಹಾದಿ ಪೂರ್ಣವಾಯಿತು. ಕೆಂಗೇರಿ ಅದರ ನಿಲ್ದಾಣಗಳಲ್ಲೊಂದಾಯಿತು. 1884ರಲ್ಲಿ, ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿ ಪೇಟೆಯ ಪಶ್ಚಿಮದಂಚಿನಲ್ಲಿ ಶುರುವಾಯಿತು. ಅರಳೆಪೇಟೆಯಿಂದ ಮಾಗಡಿ ರಸ್ತೆಯವರೆಗಿನ ಬೀದಿಗಳಲ್ಲಿ ಗಿರಣಿಯ ಸಂಬಳವೇ ಸಂತೆಯ ಬಂಡವಾಳವಾಯಿತು. ಪಾಳಿ ಮುಗಿದು ಕಾರ್ಮಿಕರು ಹೊರಬರುವ ಹೊತ್ತೇ ವ್ಯಾಪಾರದ ಹೊತ್ತು.

ಸೂರಿನಡಿಗೆ ಬಂದ ಸಂತೆ

1862ರಲ್ಲಿ ಬೆಂಗಳೂರಿಗೆ ಪುರಸಭೆ ಬಂತು. ಪುರಸಭೆಯ ಕಣ್ಣಿಗೆ ಸಂತೆ ಬೇರೆಯೇ ರೀತಿಯಲ್ಲಿ ಕಾಣಿಸತೊಡಗಿತು. ಪಾಳೆಯಗಾರನಿಗೆ ಅದು ಸುಂಕದ ಮೂಲವಾಗಿತ್ತು. ಪುರಸಭೆಗೆ ಅದು ಕೊಳೆಯ ಮೂಲವೂ ಆಯಿತು. 1898ರ ಪ್ಲೇಗು ಈ ಭಾವನೆಯನ್ನು ಗಟ್ಟಿಗೊಳಿಸಿತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಹುಳುಗಳಂತೆ ಸತ್ತರು. ಗಾಳಿ ಬೆಳಕುಳ್ಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದ್ದು ಆಗಲೇ. ವ್ಯಾಪಾರಕ್ಕೂ ಅಂಥದೇ ಅಚ್ಚುಕಟ್ಟಾದ, ತೊಳೆಯಲು ಬರುವ, ಬಾಡಿಗೆ ವಸೂಲು ಮಾಡಬಹುದಾದ ಕಟ್ಟಡ ಬೇಕು ಎಂಬ ಯೋಚನೆ ಬಲವಾಯಿತು.

ಕೋಟೆಗೂ ಪೇಟೆಗೂ ನಡುವೆ ಸಿದ್ದಿಕಟ್ಟೆ ಎಂಬ ಕೆರೆ ಇತ್ತು. ಆ ಪ್ರದೇಶ ಮೊದಲೇ ಸಂತೆಯ ಜಾಗ. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಊರಿನ ಮೊದಲ ವಿದ್ಯುತ್ ಬೀದಿದೀಪಗಳು ಬೆಳಗಿದ್ದು ಈ ಮಾರುಕಟ್ಟೆಯ ಆಸುಪಾಸಿನಲ್ಲೇ. 1920ರ ದಶಕದಲ್ಲಿ ಅಲ್ಲಿ ಕಲ್ಲಿನ ಕಟ್ಟಡ ಎದ್ದಿತು; ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎನಿಸಿಕೊಂಡಿತು. ಅದೇ ದಶಕದಲ್ಲಿ, 1927ರಲ್ಲಿ, ದಂಡು ಪ್ರದೇಶದಲ್ಲಿ ರಸೆಲ್ ಮಾರುಕಟ್ಟೆ ಕಟ್ಟಲ್ಪಟ್ಟಿತು. ಕೆ.ಆರ್. ಮಾರುಕಟ್ಟೆಯ ಹಳೆಯ ಕಟ್ಟಡದ ಹಿಂದೆ ಬಹುಮಹಡಿ ಸಂಕೀರ್ಣವೊಂದು 1990ರ ದಶಕದಲ್ಲಿ ಸೇರಿಕೊಂಡಿತು.

ಕೆ.ಆರ್. ಮಾರುಕಟ್ಟೆ ಗೆದ್ದಿತು. ಆದರೆ ಏಕೆ ಗೆದ್ದಿತು ಎಂಬುದನ್ನು ಸರಿಯಾಗಿ ಅರಿಯಬೇಕು. ಅದರ ಕಮಾನು, ಕಲ್ಲುಗಂಬಗಳಿಗಾಗಿ ಯಾರೂ ಅಲ್ಲಿಗೆ ಹೋಗಲಿಲ್ಲ. ಮೈಸೂರು ರಸ್ತೆ, ದೊಡ್ಡಪೇಟೆಯ ದಾರಿ, ಕಲಾಸಿಪಾಳ್ಯದ ಹಾದಿ ಇವೆಲ್ಲ ಕೂಡುವ ಜಾಗದಲ್ಲೇ ಅದನ್ನು ಕಟ್ಟಿದರು. ಸಂತೆಯನ್ನು ದಾರಿಯಿಂದ ದೂರ ಒಯ್ಯಲಿಲ್ಲ. ದಾರಿಯ ಮೇಲೇ ಸೂರು ಹಾಕಿದರು. ಹಾಗಿದ್ದೂ ಸೂರಿನಡಿ ಹಿಡಿದದ್ದು ಸಂತೆಯ ಒಂದು ಪಾಲು ಮಾತ್ರ. ಉಳಿದದ್ದು ಮೆಟ್ಟಿಲ ಮೇಲೆ, ಕಾಂಪೌಂಡಿನ ಹೊರಗೆ, ರಸ್ತೆಯ ಅಂಚಿಗೆ ಹರಿಯಿತು. ಮೈಸೂರು ರಸ್ತೆಯ ಮೇಲ್ಸೇತುವೆ 1999ರಲ್ಲಿ ತೆರೆದುಕೊಂಡಾಗ ಅದರ ನೆರಳೂ ಸಂತೆಯ ಜಾಗವಾಯಿತು. ಮೆಟ್ರೊ ಸುರಂಗಕ್ಕಾಗಿ ಇಲ್ಲಿ ನೆಲ ಅಗೆಯುವಾಗ 2012ರಲ್ಲಿ ಟಿಪ್ಪು ಕಾಲದ ಫಿರಂಗಿಗಳು ದೊರೆತವು. 1791ರ ರಣರಂಗದ ಮೇಲೆಯೇ ಬೆಂಗಳೂರು ದಿನವೂ ಮಲ್ಲಿಗೆ ಕನಕಾಂಬರ ಕೊಳ್ಳುತ್ತಿದೆ ಎಂದು ಅಂದು ಅನೇಕರಿಗೆ ಮನವರಿಕೆಯಾಯಿತು.

ಗುಡ್ಡೆ, ಮೊಳ, ಕೊಸರು

ಬಾಗಿಲು, ಬೀಗ, ಬಿಲ್ಲು ಎಲ್ಲ ಇರುವ ಅಂಗಡಿ ಪಕ್ಕದಲ್ಲೇ ಇದ್ದರೂ ಜನ ಬೀದಿ ಬದಿಯ ಗೋಣಿತಾಟಿನ ಮುಂದೆ ಏಕೆ ನಿಲ್ಲುತ್ತಾರೆ? ಅಗ್ಗ ಎಂಬುದು ಅರ್ಧ ಉತ್ತರ. ಉಳಿದರ್ಧ ಅಲ್ಲಿನ ಅಳತೆಯಲ್ಲಿದೆ.

ಅಂಗಡಿಯ ಅಳತೆ ಕಿಲೋ ಮತ್ತು ಲೀಟರು. ಬೀದಿಯ ಅಳತೆ ಕಟ್ಟು, ಗುಡ್ಡೆ, ಮೊಳ. ಕೊತ್ತಂಬರಿ ಕಟ್ಟಿನ ಲೆಕ್ಕ, ಹಸಿಮೆಣಸಿನಕಾಯಿ ನಿಂಬೆ ಗುಡ್ಡೆಯ ಲೆಕ್ಕ, ಹೂವು ಮೊಳದ ಲೆಕ್ಕ. ಮೊಳ ಯಾರ ಕೈಯದು ಎಂಬ ಜಗಳ ಹೂವಿನಷ್ಟೇ ಹಳೆಯದು. ಹೂವಾಡಗಿತ್ತಿಯ ಮೊಳ ಸ್ವಲ್ಪ ಗಿಡ್ಡ, ಕೊಳ್ಳುವವಳ ಮೊಳ ಸ್ವಲ್ಪ ಉದ್ದ. ನಡುವೆ ಒಪ್ಪಂದವಾದ ಮೇಲೂ ನಾಲ್ಕು ಹೂವು ಮಿಗಿಸಿ ಕೊಡುವುದಕ್ಕೆ ಕೊಸರು ಎನ್ನುತ್ತಾರೆ. ಕೊಸರಿಗೆ ಬೆಲೆ ಕಟ್ಟುವಂತಿಲ್ಲ. ನಾಳೆಯೂ ನನ್ನ ಹತ್ತಿರವೇ ಬಾ ಎಂಬ ಕರೆ ಅದು. ಗುಡ್ಡೆಯ ಲೆಕ್ಕದಲ್ಲಿ ಇನ್ನೊಂದು ಅನುಕೂಲವಿದೆ. ಕೈಯಲ್ಲಿ ಹತ್ತೇ ರೂಪಾಯಿ ಇರುವವರೂ ಹತ್ತು ರೂಪಾಯಿಯ ಗುಡ್ಡೆ ಕೊಂಡು ಅಂದಿನ ಸಾರು ಮಾಡಬಹುದು. ದಿನಗೂಲಿಯವರ ಮನೆಯ ಉಗ್ರಾಣ ನಿಜವಾಗಿ ಇರುವುದು ಈ ಬೀದಿ ಬದಿಯಲ್ಲಿ.

ಬೀದಿಯಲ್ಲಿ ಬೆಲೆಗೂ ಗಡಿಯಾರವಿದೆ. ನಸುಕಿನಲ್ಲಿ ಬೋಣಿಯ ಬೆಲೆ, ಹೊತ್ತೇರಿದಂತೆ ಇನ್ನೊಂದು, ಸಂಜೆ ದೀಪ ಹತ್ತಿದ ಮೇಲೆ, ಬಾಡುವ ಸೊಪ್ಪಿಗೆ ಮತ್ತೊಂದು. ಹಳಸುವ ಸರಕನ್ನು ಅದೇ ದಿನ ಮುಗಿಸಬೇಕಾದ ವ್ಯಾಪಾರಿ, ಕಾಸು ಕಡಿಮೆ ಇರುವ ಗಿರಾಕಿ ಇಬ್ಬರೂ ಆ ಇಳಿಹೊತ್ತಿನ ಬೆಲೆಯಲ್ಲಿ ಸಂಧಿಸುತ್ತಾರೆ. ಶೀತಲ ಕೋಣೆಯಿಲ್ಲದೆ, ಜಾಹೀರಾತಿಲ್ಲದೆ ಸರಕು ಖಾಲಿ ಮಾಡುವ ಈ ಉಪಾಯ ಬೀದಿ ಸಂತೆಯ ಸ್ವಂತ ಜಾಣ್ಮೆ.

ಇದರ ಹಿಂದೆ ಬವಣೆಯೂ ಇದೆ. ಬಹುಪಾಲು ವ್ಯಾಪಾರಿಗಳ ಬಂಡವಾಳ ಸಾಲದ್ದು. ಮುಂಜಾನೆ ಲೇವಾದೇವಿಯವನಿಂದ 900 ರೂಪಾಯಿ ತಂದು ರಾತ್ರಿ 1,000 ರೂಪಾಯಿ ಹಿಂದಿರುಗಿಸುವ ಬಗೆಯ ದಿನದ ಬಡ್ಡಿಗೆ ಬೆಂಗಳೂರಿನವರು ಮೀಟರ್ ಬಡ್ಡಿ ಎಂಬ ಹೆಸರಿಟ್ಟಿದ್ದಾರೆ. ಆಟೋ ಮೀಟರಿನಂತೆ ಅದು ನಿಂತಲ್ಲೂ ಓಡುತ್ತದೆ. ಇದನ್ನು ತಪ್ಪಿಸಲೆಂದು ರಾಜ್ಯ ಸರ್ಕಾರ 2018ರಲ್ಲಿ ಬಡ್ಡಿಯಿಲ್ಲದ ಸಾಲದ ಬಡವರ ಬಂಧು ಯೋಜನೆಯನ್ನು ಆರಂಭಿಸಿತು. 2020ರಲ್ಲಿ ಕೊರೊನಾ ಬಂದು ಕೆ.ಆರ್. ಮಾರುಕಟ್ಟೆಯೇ ತಿಂಗಳುಗಟ್ಟಲೆ ಮುಚ್ಚಿದಾಗ, ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿವರೆಗೆ ಸಾಲ ಕೊಡುವ ಸ್ವನಿಧಿ ಯೋಜನೆಯನ್ನು ಕೇಂದ್ರ ಸರ್ಕಾರ ತಂದಿತು. ಆದರೆ ಸಾಲ ಎಷ್ಟು ಸುಲಭವಾದರೂ ಕೂರುವ ಜಾಗ ಖಚಿತವಿಲ್ಲದವನಿಗೆ ನೆಮ್ಮದಿ ಇಲ್ಲ.

ಪಶ್ಚಿಮಕ್ಕೆ ನಡೆದ ಪೇಟೆ

ಸ್ವಾತಂತ್ರ್ಯಾನಂತರ ಬೆಂಗಳೂರು ಪಶ್ಚಿಮಕ್ಕೆ ಕಾಲು ಚಾಚಿತು. 1949ರಲ್ಲಿ, ನಗರ ಮತ್ತು ದಂಡು ಪ್ರದೇಶದ ಪುರಸಭೆಗಳು ಒಂದಾದ ವರ್ಷವೇ, ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಕೈಗಾರಿಕೆ ಮತ್ತು ವಸತಿ ಜತೆಜತೆಯಾಗಿ ಇರಬೇಕೆಂಬ ಉದ್ದೇಶದ ಉಪನಗರ ಅದು. ಮುಂದಿನ ದಶಕಗಳಲ್ಲಿ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳು ಬೆಳೆದವು. ನಕ್ಷೆಯಲ್ಲಿ ನಿವೇಶನ, ಉದ್ಯಾನ, ಶಾಲೆಗಳಿಗೆ ಗೆರೆ ಎಳೆದಿದ್ದರು. ಆದರೆ ತಲೆಯ ಮೇಲೆ ಮಂಕರಿ ಹೊತ್ತು ಬರುವ ಸೊಪ್ಪಿನವಳಿಗೆ, ತಳ್ಳುಗಾಡಿಯ ಬಾಳೆಹಣ್ಣಿನವನಿಗೆ ಆ ನಕ್ಷೆಗಳಲ್ಲಿ ಸಾಕಷ್ಟು ಸ್ಥಳವಿರಲಿಲ್ಲ.

ಅವರು ತಮ್ಮ ಸ್ಥಳವನ್ನು ತಾವೇ ಹುಡುಕಿಕೊಂಡರು. ಎಲ್ಲಿ? ಬಸ್ಸಿಳಿದು ಮನೆಗೆ ನಡೆಯುವ ದಾರಿಯಲ್ಲಿ. ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ಕಚೇರಿಯಿಂದ ಮರಳುವ ಗೃಹಿಣಿಯರು, ದೇವಸ್ಥಾನಕ್ಕೆ ಹೊರಟ ಹಿರಿಯರು ಎದುರಾಗುವ ಕೂಡುರಸ್ತೆಗಳಲ್ಲಿ. ಪಶ್ಚಿಮ ಬೆಂಗಳೂರಿನ ಸಂತೆ ಮುಖ್ಯವಾಗಿ ಸಂಜೆಯ ಸಂತೆ. ಪಾಯಸ್ ಕಂಡ ಹಂಪಿಯ ಸಂಜೆ ಸಂತೆಗೂ ಇದಕ್ಕೂ ಕಾರಣ ಒಂದೇ: ದುಡಿದವರು ಮನೆಗೆ ಮರಳುವ ಹೊತ್ತು. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವಿನ ಮೆಟ್ರೊ ಓಡತೊಡಗಿದಾಗ ವಿಜಯನಗರಕ್ಕೆ ನಿಲ್ದಾಣ ಬಂತು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಯನ್ನೂ ಮುಟ್ಟಿತು. ನಿಲ್ದಾಣದ ಮೆಟ್ಟಿಲು ಇಳಿಯುವ ಜಾಗ ಹೊಸ ಊರಬಾಗಿಲಾಯಿತು. ಹಿಂದೆ ಗಾಡಿಗಳು ನಿಂತು ಸುಂಕ ಕೊಡುತ್ತಿದ್ದಂತೆ, ಇಂದು ಜನ ಟಿಕೆಟ್ಟಿನ ಗೇಟು ದಾಟಿ ಹೊರಬರುತ್ತಾರೆ. ಹೊರಬಂದ ಕಡೆ ಬುಟ್ಟಿ ಕಾದಿರುತ್ತದೆ.

ಕಾನೂನಿನ ಕಣ್ಣಿನಲ್ಲಿ

ಬೀದಿ ವ್ಯಾಪಾರವನ್ನು ಕುರಿತ ದೂರುಗಳು ಸುಳ್ಳಲ್ಲ. ಪಾದಚಾರಿ ಮಾರ್ಗ ತುಂಬಿದಾಗ ಮುದುಕರೂ ಮಕ್ಕಳೂ ವಾಹನಗಳ ನಡುವೆ ನಡೆಯಬೇಕಾಗುತ್ತದೆ. ಗಾಲಿಕುರ್ಚಿಯವರಿಗಂತೂ ದಾರಿಯೇ ಇರುವುದಿಲ್ಲ. ಕೊಳೆತ ಸೊಪ್ಪು ಚರಂಡಿ ಕಟ್ಟಿಸುತ್ತದೆ. ಬಾಡಿಗೆ, ತೆರಿಗೆ ಕಟ್ಟಿ ಅಂಗಡಿ ಇಟ್ಟವರಿಗೆ ಇದು ಅನ್ಯಾಯವೆನಿಸುತ್ತದೆ. ಬೀದಿ ನಡೆಯುವವರದೋ, ಮಾರುವವರದೋ ಎಂಬ ಪ್ರಶ್ನೆ ಸಹಜವಾಗಿಯೇ ನ್ಯಾಯಾಲಯದ ಮೆಟ್ಟಿಲೇರಿತು.

1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪು ಇಲ್ಲಿ ಮೈಲಿಗಲ್ಲು. ಬೀದಿ ಬದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19ನೇ ವಿಧಿಯ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಅದನ್ನು ನಿಯಂತ್ರಿಸಬಹುದು. ಆದರೆ ಇಂಥದೇ ಜಾಗ ತನಗೆ ಬೇಕೆಂಬ ಹಕ್ಕು ಯಾರಿಗೂ ಇಲ್ಲ ಎಂದು ನ್ಯಾಯಾಲಯ ಹೇಳಿತು. ಈ ಸಮತೋಲನವನ್ನು ಕಾಯಿದೆಯ ರೂಪಕ್ಕೆ ತಂದದ್ದು 2014ರ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣಾ ಕಾಯಿದೆ. ಪ್ರತಿ ನಗರದಲ್ಲಿ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.

ಆ ಕಾಯಿದೆಯಲ್ಲಿ ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು ಸಹಜ ಮಾರುಕಟ್ಟೆ ಎಂಬ ಕಲ್ಪನೆ. ಕೊಳ್ಳುವವರೂ ಮಾರುವವರೂ ಬಹುಕಾಲದಿಂದ ತಾವಾಗಿಯೇ ಕೂಡುತ್ತಾ ಬಂದಿರುವ ಜಾಗಕ್ಕೆ ಕಾಯಿದೆ ಈ ಹೆಸರು ಕೊಟ್ಟಿದೆ. ಸಂತೆ ದಾರಿಯಲ್ಲಿ ತಾನಾಗಿ ಹುಟ್ಟುತ್ತದೆ ಎಂಬ ಹಳೆಯ ಅನುಭವವನ್ನು ಕಾನೂನು ಒಪ್ಪಿಕೊಂಡಂತಾಯಿತು. ಎರಡನೆಯದು, ಐವತ್ತು ವರ್ಷಕ್ಕೂ ಮೀರಿ ಬೀದಿ ವ್ಯಾಪಾರ ನಡೆದಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದು ಅದರ ಅನುಸೂಚಿ ಹೇಳುತ್ತದೆ. ಪರಂಪರೆ ಎಂದರೆ ಗುಡಿ ಗೋಪುರ ಮಾತ್ರವಲ್ಲ, ಗೋಣಿತಾಟಿನ ಸಾಲೂ ಹೌದು ಎಂಬ ಮಾತು ಇದು.

ಎರಡು ವಿಜಯನಗರಗಳು

ಈ ಮಾತಿನ ತೂಕ ತಿಳಿಯಲು ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಎರಡೂ ವಿಜಯನಗರದವೇ.

ಮೊದಲನೆಯದು ತುಂಗಭದ್ರೆಯ ದಡದ್ದು. ವಿರೂಪಾಕ್ಷ ದೇವಾಲಯದ ಎದುರಿನ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ ಇಟ್ಟು, ಮನೆ ಹೂಡಿ ಅನೇಕ ಕುಟುಂಬಗಳು ಬದುಕುತ್ತಿದ್ದವು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಸ್ಮಾರಕದ ರಕ್ಷಣೆಗಾಗಿ 2011ರ ಜುಲೈಯಲ್ಲಿ ಆ ಬೀದಿಯನ್ನು ತೆರವುಗೊಳಿಸಲಾಯಿತು. ಮಂಟಪಗಳಿಗೆ ಧಕ್ಕೆಯಾಗುತ್ತಿತ್ತು ಎಂಬುದು ನಿಜ. ಆದರೆ ಬಜಾರು ಎಂಬ ಹೆಸರು ಹೊತ್ತ ಬೀದಿಯಲ್ಲಿ ಮಾರುವವರೂ ಕೊಳ್ಳುವವರೂ ಇಲ್ಲವಾದಾಗ ಉಳಿದದ್ದು ಕಲ್ಲಿನ ಸಾಲು. ಕಲ್ಲು ಉಳಿಯಿತು, ಆ ಕಲ್ಲುಗಳನ್ನು ನಿಲ್ಲಿಸಲು ಕಾರಣವಾದ ಬಾಳುವೆ ಉಳಿಯಲಿಲ್ಲ.

ಎರಡನೆಯದು ಬೆಂಗಳೂರಿನ ವಿಜಯನಗರದ್ದು. ಮೆಟ್ರೊ ನಿಲ್ದಾಣದ ಬಳಿ ನೆಲದಡಿಯಲ್ಲಿ ಕಟ್ಟಿದ ಹವಾನಿಯಂತ್ರಿತ ಕೃಷ್ಣದೇವರಾಯ ಪಾಲಿಕೆ ಬಜಾರ್ 2024ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ದೆಹಲಿಯ ಕನಾಟ್ ಪ್ಲೇಸಿನಲ್ಲಿ 1970ರ ದಶಕದಲ್ಲಿ ಕಟ್ಟಿದ ನೆಲದಡಿಯ ಪಾಲಿಕಾ ಬಜಾರ್ ಇದಕ್ಕೆ ಮಾದರಿ. ಇಲ್ಲಿರುವುದು 79 ಮಳಿಗೆಗಳು. ಬೀದಿ ಬದಿಯ ವ್ಯಾಪಾರಿಗಳಿಗೆ ಮಳೆ ಬಿಸಿಲಿನಿಂದ ರಕ್ಷಣೆ, ನಡೆಯುವವರಿಗೆ ಪಾದಚಾರಿ ಮಾರ್ಗ ಎರಡನ್ನೂ ಒದಗಿಸುವ ಉದ್ದೇಶ ಒಳ್ಳೆಯದೇ. ಯಾವ ದೊರೆಯ ರಾಜಧಾನಿಯಲ್ಲಿ ಸಂಜೆ ಸಂತೆ ಬಯಲ ಬೀದಿಯಲ್ಲಿ ನೆರೆಯುತ್ತಿತ್ತೋ ಅವನ ಹೆಸರನ್ನೇ ನೆಲದಡಿಯ ಬಜಾರಿಗೆ ಇಟ್ಟಿರುವುದು ಮಾತ್ರ ಚರಿತ್ರೆಯ ಒಂದು ಸಣ್ಣ ವಿನೋದ.

ಇಂಥ ಬಜಾರಿನ ಭವಿಷ್ಯವನ್ನು ನಿರ್ಧರಿಸುವುದು ತಂಪುಗಾಳಿಯಲ್ಲ, ಮೆಟ್ಟಿಲು. ರೈಲಿಳಿದು ಮನೆಗೆ ಹೊರಟವರ ಸಹಜ ದಾರಿ ಬಜಾರಿನ ಮೂಲಕವೇ ಹಾದುಹೋದರೆ ಅದು ಇನ್ನೊಂದು ಕೆ.ಆರ್. ಮಾರುಕಟ್ಟೆಯಾದೀತು. ಕೊತ್ತಂಬರಿ ಕಟ್ಟಿಗಾಗಿ ದಾರಿ ಬಿಟ್ಟು ಕೆಳಗಿಳಿದು ಮತ್ತೆ ಹತ್ತಬೇಕಾದರೆ, ಮೇಲೆ ಇನ್ನೊಬ್ಬಳು ಬುಟ್ಟಿ ಇಟ್ಟು ಕೂರುತ್ತಾಳೆ. ಕೆಳಗೆ ಮಳಿಗೆ ಪಡೆದವನೂ ಒಂದು ದಿನ ಮೇಲೆ ಬಂದು ಅವಳ ಪಕ್ಕ ಕೂರುತ್ತಾನೆ. ಇದು ವ್ಯಾಪಾರಿಗಳ ಹಟಮಾರಿತನವಲ್ಲ. ಸಂಜೆಯೊಳಗೆ ಬಾಡುವ ಸರಕು, ರಾತ್ರಿಯೊಳಗೆ ತೀರಿಸಬೇಕಾದ ಸಾಲ ಎರಡನ್ನೂ ಹೊತ್ತವನು ಗಿರಾಕಿಗಾಗಿ ಕಾಯಲಾರ, ಗಿರಾಕಿ ಇದ್ದಲ್ಲಿಗೇ ಹೋಗಬೇಕು. ಹಾಗೆಯೇ 79 ಮಳಿಗೆಗಳಲ್ಲಿ ಒಂದು ಬಡಾವಣೆಯ ಬೀದಿ ವ್ಯಾಪಾರವೆಲ್ಲ ಹಿಡಿಸುವುದಿಲ್ಲ. ಸೂರು ಕೆಲವರಿಗೆ, ಬೀದಿ ಉಳಿದವರಿಗೆ ಎಂಬುದು ಸಿದ್ದಿಕಟ್ಟೆಯ ಕಾಲದಿಂದ ಬಂದ ಅನುಭವ. ಆದ್ದರಿಂದ ಕಟ್ಟಡ ಕಟ್ಟಿದ ಮೇಲೂ ಪಾದಚಾರಿ ಮಾರ್ಗದ ಅಗಲ, ಬುಟ್ಟಿಗೆ ಗುರುತಿಸಿದ ಜಾಗ, ಕಸದ ಗಾಡಿಯ ಹೊತ್ತು, ನೀರಿನ ನಲ್ಲಿ ಇವನ್ನೆಲ್ಲ ಬೀದಿಯಲ್ಲೇ ಹೊಂದಿಸುವ ಕೆಲಸ ಉಳಿದೇ ಇರುತ್ತದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 2025ರಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಅವುಗಳಲ್ಲೊಂದು ಬೆಂಗಳೂರು ಪಶ್ಚಿಮ. ಪಾಲಿಕೆಗಳ ಹೆಸರು, ಗಡಿ ಬದಲಾದಾಗೆಲ್ಲ ಸಂತೆಯನ್ನು ಶಿಸ್ತಿಗೆ ತರುವ ಹೊಸ ಹುರುಪು ಹುಟ್ಟುವುದುಂಟು. ಸಂತೆಗೆ ಮೂರು ಮೊಳ ನೇಯ್ದಂತೆ ಎಂಬ ಗಾದೆ ಆತುರದ, ಅರೆಮನಸ್ಸಿನ ಕೆಲಸವನ್ನು ಹಂಗಿಸುತ್ತದೆ. ಬೀದಿ ವ್ಯಾಪಾರಿಗಳಿಗಾಗಿ ಕೈಗೊಳ್ಳುವ ಕೆಲಸ ಅಂಥ ಮೂರು ಮೊಳದ ನೇಯ್ಗೆಯಾಗಬಾರದು. ನಕ್ಷೆ ಬರೆಯುವವರು ಮೊದಲು ಒಂದು ಸಂಜೆ ಜನ ಎಲ್ಲಿ ಇಳಿಯುತ್ತಾರೆ, ಯಾವ ಕಡೆ ನಡೆಯುತ್ತಾರೆ, ಎಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ ಎಂದು ನೋಡಿದರೆ ಸಾಕು. ಕೆಂಗೇರಿ ಬಾಗಿಲನ್ನು ಎಲ್ಲಿ ಇಡಬೇಕೆಂದು ಪೇಟೆ ಕಟ್ಟಿದವರಿಗೆ ಗೊತ್ತಾದದ್ದೂ ಹಾಗೆಯೇ, ಗಾಡಿಗಳು ಬರುವ ದಾರಿಯನ್ನು ನೋಡಿ.